ಶಟರ್ ಬಡಿದಳು ಪಟಾಲಮ್ಮ

"ಲೇ ಮುಂಡೇದೆ, ಒಂದಾ ಮಾಡಕ್ಕೆ ಎಷ್ಟ್ ಸಲ ಹೋಗ್ತೀಯ? ಹೊಟ್ಟೇಲೇನ್ ಬೋರ್‌ವೆಲ್ ಕೊರ್ಸಿದೀಯಾ?"

ಮಾಲೀಕ ರಾಜೇಂದ್ರ ಹೀಗೆ ಬೊಬ್ಬೆ ಹಾಕಿದ್ದು ಶೆಡ್ಡಿನ ಗಂಡಸರೆಲ್ಲರ ಎದುರಿಗೆ. ಕಬ್ಬಿಣದ ಬಿಲ್ಲೆಗಳ ಅಂಚು ಉಜ್ಜುತ್ತಿದ್ದ ಪಟಾಲಮ್ಮನಿಗೆ ಮೈಯೆಲ್ಲ ಉರಿಯಿತು. ಅವಳು ಹೋಗುತ್ತಿದ್ದದ್ದು ಶೆಡ್ಡಿನ ಹಿಂದಿದ್ದ ರಾಜಕಾಲುವೆಯ ಮರೆಗೆ, ಇನ್ನೊಬ್ಬಳನ್ನು ಕಾವಲಿಗೆ ನಿಲ್ಲಿಸಿ. ಶೆಡ್ಡಿನಲ್ಲಿ ಕಕ್ಕಸ್ಸು ಇರಲಿಲ್ಲವೆಂದಲ್ಲ. ಆಫೀಸಿನ ಪಕ್ಕದಲ್ಲಿ ಬಿಳಿ ಟೈಲ್ಸಿನದು ಒಂದಿತ್ತು. ಅದರ ಬೀಗದಕೈ ಮಹಾರಾಯನ ಸೊಂಟದಲ್ಲಿತ್ತು.

ಕಾಮಾಕ್ಷಿಪಾಳ್ಯದ ಆ ಬೀದಿಗೆ ಒಂದು ಪದ್ಧತಿ. ಯಾರ ಶೆಡ್ಡಿನಲ್ಲಾದರೂ ಡ್ರಿಲ್ ಬಿಟ್ ಮುರಿದರೆ, ಬೆಲ್ಟ್ ಹರಿದರೆ, ಸ್ಪ್ಯಾನರಿನಿಂದ ಶಟರನ್ನು ಬಡಿದರಾಯಿತು. ಅಕ್ಕಪಕ್ಕದವರು ಓಡಿ ಬರುತ್ತಾರೆ, ಇದ್ದವರು ಕೊಡುತ್ತಾರೆ. ಆ ಬೀದಿಯಲ್ಲಿ ಕೆಲಸ ನಿಲ್ಲುವುದೇ ಇಲ್ಲ.

ಅವತ್ತು ಮಧ್ಯಾಹ್ನ ಬೀದಿಯ ಕೈಗಾರಿಕೆ ನೋಡಲು ಸಂಘಮಿತ್ರಾ ಎಂಬ ಸರ್ಕಾರಿ ಅಧಿಕಾರಿ ಬಂದರು. ರಾಜೇಂದ್ರನ ಹಲ್ಲೆಲ್ಲ ಹೊರಗೆ.

"ಕ್ಲಸ್ಟರ್ ಅಂದ್ರೆ ಇದೇ ಮೇಡಂ! ಕಟಿಂಗ್ ಇಲ್ಲಿ, ಪ್ಲೇಟಿಂಗ್ ಎದುರ್ಗೆ, ಟೆಂಪೋ ಎಲ್ರಿಗೂ ಒಂದೇ. ನಮ್ ಬೀದೀಲಿ ನಂದು ನಿಂದು ಅನ್ನೋದೇ ಇಲ್ಲ."

ಪಟಾಲಮ್ಮನಿಗೆ ನಗು ತಡೆಯಲಾಗಲಿಲ್ಲ. ಮೊಳೆಗೆ ನೇತುಹಾಕಿದ್ದ ಸ್ಪ್ಯಾನರ್ ತೆಗೆದು ಶಟರನ್ನು ಧಡಧಡ ಬಡಿದಳು.

ಎದುರಿನ ಪ್ಲೇಟಿಂಗ್ ಶೆಡ್ಡಿನಿಂದ ಶೋಭಾರಾಣಿ ಓಡಿ ಬಂದಳು, ಅವಳ ಹಿಂದೆ ಬೀದಿಯ ಹೆಂಗಸರೆಲ್ಲ.

"ಏನೇ ಪಟಾಲಿ, ಏನ್ ಮುರೀತು?"

"ಏನೂ ಮುರಿದಿಲ್ಲ ಕಣೇ. ಕಕ್ಕಸ್ಸಿಗೆ ಅವಸರ ಆಗೈತೆ. ನಿಮ್ ಶೆಡ್ಡಲ್ಲಿ ಐತಾ?"

"ಎಲ್ಲೈತೆ? ನಂಗೂ ಬೆಳಿಗ್ಗೆಯಿಂದ ಅವಸರಾನೇ!"

"ನಮ್ಗೂ!" ಎಂದರು ಹಿಂದಿನವರು.

"ನಮ್ ಸಾವ್ಕಾರ್ರತ್ರ ಐತೆ, ಬರ್ರೇ. ನಂದು ನಿಂದು ಇಲ್ವಂತೆ."

ಬೀದಿಗೆ ಬೀದಿಯೇ ನಕ್ಕಿತು. ಆಫೀಸಿನ ಮುಂದೆ ಸಾಲು ಬೆಳೆಯಿತು.

"ಥೂ, ಮಾನಗೆಟ್ಟವ್ರಾ! ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ ನೀನು!" ರಾಜೇಂದ್ರ ಪಟಾಲಮ್ಮನ ಮೇಲೆ ಹರಿಹಾಯ್ದ.

"ಆಯ್ತು ಸಾಮಿ. ಎದುರ್ ಶೆಡ್ಡಿನೋರು ಅವಾಗಿಂದ್ಲೂ ಕರೀತಾವ್ರೆ. ರಸ್ತೆ ದಾಟಿದ್ರಾಯ್ತು."

"ನಾನೂ ಬತ್ತೀನಿ ಅಕ್ಕ," ಎಂದ ಲೇತಿನ ಫಕೀರೇಶ. ಆ ಲೇತನ್ನು ಪಳಗಿಸಿದವನು ಅವನೊಬ್ಬನೇ. ರಾಜೇಂದ್ರ ಮೇಡಂ ಕಡೆ ತಿರುಗಿ ಹಲ್ಲು ಕಿರಿದ.

"ರಾಜೇಂದ್ರ ಅವ್ರೇ, ನಂಗೂ ಸ್ವಲ್ಪ ಹೋಗ್ಬೇಕಿತ್ತು," ಎಂದರು ಸಂಘಮಿತ್ರಾ ಮೆಲ್ಲಗೆ.

"ಅಯ್ಯೋ, ನಿಮ್ಗಿಲ್ದೇನಾ ಮೇಡಂ!" ಅವನು ಸೊಂಟದಿಂದ ಬೀಗದಕೈ ಬಿಚ್ಚಿ ನೀಡಿದ. ನಡುವೆ ಕೈಯೊಡ್ಡಿ ಪಟಾಲಮ್ಮ ತೆಗೆದುಕೊಂಡಳು.

"ಮೇಡಂ, ಲೈನಲ್ಲಿ ಬನ್ನಿ."

ಮೇಡಂ ಹೋಗಿ ಕೊನೆಯಲ್ಲಿ ನಿಂತರು.

ಮೊದಲು ತಾನೇ ಕಕ್ಕಸ್ಸಿಗೆ ಹೋಗಿ ಹೊರಗೆ ಬಂದ ಪಟಾಲಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬೀಗದಕೈಯನ್ನು ಸ್ಪ್ಯಾನರಿನ ಮೊಳೆಗೆ ನೇತುಹಾಕಿದಳು.

"ಯಾರ್ ಬೇಕಾದ್ರೂ ತಗೊಳ್ರಮ್ಮ. ಮುಗುದ್ಮೇಲೆ ಇಲ್ಲೇ ತಂದಿಡ್ರಿ."