ಅರವತ್ತೊಂದನೆಯ ಕಂತು

"ರಾಜಕುಮಾರ ಎಲ್ಲಿ ಮೇಡಂ?" ಎಂದು ಗ್ಯುರಿ ಫೋನಿನಲ್ಲಿ ಕೇಳಿದಾಗ ಹೇಇನ್ ಬಟ್ಟೆ ಹರವುತ್ತಿದ್ದಳು.

"ದಾರೀಲಿದಾನೆ."

"ಹನ್ನೆರಡು ಕಂತಿನಿಂದ ದಾರೀಲೇ ಇದಾನಲ್ಲ. ಕುದುರೆ ಬಿಟ್ಟು ಕತ್ತೆ ಹತ್ತಿದ್ನಾ?"

ಗ್ಯುರಿ ಸಿಯೋಲ್‌ನ ಪ್ರಕಾಶನವೊಂದರ ಸಂಪಾದಕಿ, ಇನ್ನೂ ಮೂವತ್ತು ತುಂಬದವಳು. ಹೇಇನ್ ಮೊಕ್ಪೊ ಬಂದರಿನ ಬಾಡಿಗೆ ಮನೆಯಲ್ಲಿ ಕುಳಿತು ವಾರಕ್ಕೆ ಮೂರು ಕಂತಿನ ಧಾರಾವಾಹಿ ಬರೆಯುತ್ತಿದ್ದಳು. ಓದುಗರು ಬಸ್ಸಿನಲ್ಲೋ ರೈಲಿನಲ್ಲೋ ಮೊಬೈಲು ತೆರೆದು ಓದಿ, ಅಲ್ಲೇ ಕೆಳಗೆ ಹೊಗಳಿಯೋ ಬೈದೋ ಇಳಿದು ಹೋಗುತ್ತಿದ್ದರು. ಕಥೆ ಅರಸರ ಕಾಲದ್ದು. ಅರಮನೆ ವೈದ್ಯನ ಮಗಳು ಸೊರಿನ್, ಗಡೀಪಾರಾದ ರಾಜಕುಮಾರನಿಗಾಗಿ ಕಾಯುವುದು. ಅವಳು ಕಾದಷ್ಟೂ ದಿನ ಓದುಗರೂ ಕಾದರು. ಈಗ ಅವರಿಗೆ ಸಾಕಾಗಿತ್ತು.

"ಅರವತ್ತೊಂದರಲ್ಲಿ ಅವನು ಬರ್ಲೇಬೇಕು. ದಿನಾ ಜನ ಬಿಟ್ಟು ಹೋಗ್ತಿದಾರೆ," ಎಂದಳು ಗ್ಯುರಿ.

ಆದರೆ ಹೇಇನ್ ಅರವತ್ತೊಂದನೆಯ ಕಂತನ್ನು ಆಗಲೇ ಬರೆದಿಟ್ಟಿದ್ದಳು. ಸೊರಿನ್ ಕಾಯುವುದನ್ನು ಬಿಟ್ಟು ಒಬ್ಬಳೇ ಉಪ್ಪಿನ ಗದ್ದೆಗಳ ದ್ವೀಪಕ್ಕೆ ಹೋಗುತ್ತಾಳೆ. ಬೆಳಗಿನ ಬೆಳಕಿನಲ್ಲಿ ನೀರು ಹರಳಾಗುವುದನ್ನು ನೋಡುತ್ತಾ ನಿಲ್ಲುತ್ತಾಳೆ. ಆ ಚಿತ್ರ ಒಂದು ದಿನ ತಾನಾಗಿ ಕಣ್ಣ ಮುಂದೆ ಬಂದಿತ್ತು. ನಾಲ್ಕು ದಿನ ಕೂತು, ಒಂದೊಂದು ಮಾತನ್ನೂ ತೂಗಿ ಬರೆದಿದ್ದಳು. ಹತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಬರೆದದ್ದಿಲ್ಲ ಎನ್ನಿಸಿತ್ತು.

ಫೋನಿಟ್ಟ ಮೇಲೆ ಸಿಟ್ಟಿನಲ್ಲೇ ಇನ್ನೊಂದು ಬರೆದಳು. ಎರಡು ಗಂಟೆಯ ಕೆಲಸ. ರಾಜಕುಮಾರ ಬಾಗಿಲಿಗೆ ಬರುತ್ತಾನೆ. ಸೊರಿನ್ ಅಳುವುದಿಲ್ಲ, ಕೇಳುವುದಿಲ್ಲ. ಅನ್ನವಿಟ್ಟು, ಬೆನ್ನು ತಿರುಗಿಸಿ ಕೂತು, ಅವನಿಗಾಗಿ ಮೀನಿನ ಮುಳ್ಳು ಬಿಡಿಸುತ್ತಾಳೆ. ತಗೊಳ್ಳಿ ನಿಮ್ಮ ರಾಜಕುಮಾರನನ್ನ, ಎಂದುಕೊಂಡಳು.

ಯಾವುದನ್ನು ಕಳಿಸುವುದೆಂದು ತೋಚದೆ ಎರಡನ್ನೂ ಅಕ್ಕನ ಅಂಗಡಿಗೆ ಒಯ್ದಳು. ಅಕ್ಕ ಒಕ್‌ಬುನ್ ಮೀನು ಮಾರುಕಟ್ಟೆಯ ಹಿಂದೆ ಕೈಯಲ್ಲಿ ಕತ್ತರಿಸಿದ ನೂಡಲ್ಸ್ ಮಾಡಿ ಬಡಿಸುವವಳು. ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಹಿಟ್ಟಿನ ಕೈ ಒರೆಸಿಕೊಂಡು ಓದಿದಳು.

"ಉಪ್ಪಿನ ಗದ್ದೇದು ಚೆನ್ನಾಗಿದೆ ಕಣೆ, ಕ್ಯಾಲೆಂಡರ್ ಚಿತ್ರದ ಹಾಗೆ. ಆದ್ರೆ ಅದರೊಳಗೆ ಯಾರೂ ಇಲ್ಲ."

"ಅದೇ ನಾನು ಮನಸಿಟ್ಟು ಬರೆದಿದ್ದು ಅಕ್ಕ."

"ಇರಬಹುದು. ಈ ಮೀನಿಂದು ಮಾತ್ರ ಅಮ್ಮನೇ. ಅಪ್ಪ ಮೂರು ವರ್ಷ ಹಡಗಲ್ಲಿದ್ದು ಬಂದಾಗ ಹೀಗೇ ಕೂತಿದ್ಳು. ಒಂದು ಮಾತಿಲ್ಲ, ಬರೀ ಮುಳ್ಳು ಬಿಡಿಸ್ತಿದ್ಳು. ನಿನಗೆ ನೆನಪಿಲ್ವಾ?"

ಹೇಇನ್‌ಗೆ ನೆನಪಿರಲಿಲ್ಲ. ಆಗ ಅವಳಿಗೆ ಐದು ವರ್ಷ. ನೆನಪಿಲ್ಲದ್ದು ಬೆರಳಿಗೆ ಬಂದದ್ದು ಹೇಗೆ? ಅಪ್ಪಣೆಗೆ ಬರೆದದ್ದೇ ತನ್ನದಾಗಿ, ತನ್ನದೆಂದು ಬರೆದದ್ದು ಯಾರದೋ ಕ್ಯಾಲೆಂಡರಾದರೆ, ಇಷ್ಟು ವರ್ಷ ತಾನು ಸಂಪಾದಕರ ಜೊತೆ ಯಾವುದಕ್ಕಾಗಿ ಜಗಳವಾಡಿದ್ದು?

ಮನೆಗೆ ಹೋಗಿ ಮೀನಿನ ಕಂತನ್ನೇ ಕಳಿಸಿದಳು. ಮರುದಿನ ಓದುಗರು ಮುಗಿಬಿದ್ದರು. ಅಪ್ಪಿಕೊಳ್ಳಬಾರದಿತ್ತೇ ಎಂದು ಕೆಲವರು ರೇಗಿದರು. ಮುಳ್ಳಿನ ಜಾಗ ಬಂದಾಗ ಬಸ್ಸು ಇಳಿಯುವುದನ್ನೇ ಮರೆತೆ ಎಂದು ಒಬ್ಬಳು ಬರೆದಿದ್ದಳು. ಗ್ಯುರಿ ಖುಷಿಯಾಗಿದ್ದಳು.

"ಮೇಡಂ, ಇಂಥವೇ ಇನ್ನೊಂದು ನಾಲ್ಕು ಕೊಡಿ."

ಕೊಡಲು ಕೂತರೆ ಒಂದೂ ಬರಲಿಲ್ಲ. ಬೇಕೆಂದು ಬರೆದ ಮೌನವೆಲ್ಲ ನಾಟಕದಂತೆ ಕಂಡಿತು. ಮೂರನೆಯ ದಿನ ಮತ್ತೆ ಅಂಗಡಿಗೆ ಹೋದಳು. ಅಕ್ಕ ಸಂತೆಗೆ ಹೋಗಿದ್ದಳು. ಅಮ್ಮ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹೇಇನ್ ಎದುರಿಗೆ ಕೂತು ತಾನೂ ಒಂದು ಗಡ್ಡೆ ಕೈಗೆತ್ತಿಕೊಂಡಳು.

"ಅಮ್ಮ, ಅಪ್ಪ ಹಡಗಿಂದ ಬಂದ ದಿನ ನೀನು ಮೀನಿನ ಮುಳ್ಳು ಬಿಡಿಸಿ ಕೊಟ್ಯಾ?"

"ಯಾರು ಹೇಳಿದ್ದು?"

"ಅಕ್ಕ."

"ಅವಳಿಗೇನು ಗೊತ್ತು. ಮೂರು ವರ್ಷ ಮೀನೇ ತಿಂದು ಬಂದೋರು ನಿಮ್ಮಪ್ಪ, ವಾಸನೆ ಕಂಡ್ರೆ ಎದ್ದು ಹೋಗೋರು. ಆವತ್ತು ನಾನು ಏನೂ ಮಾಡಿರಲಿಲ್ಲ. ಒಲೆ ಹಚ್ಚಿರ್ಲಿಲ್ಲ." ಅಮ್ಮ ಬೆಳ್ಳುಳ್ಳಿಯ ಸಿಪ್ಪೆ ಊದಿದಳು. "ಅವರು ಬರೋದು ಬೇರೆ ಹಡಗಲ್ಲಿ ಅಂದ್ಕೊಂಡಿದ್ದೆ."

"ಮತ್ತೆ ಏನು ಊಟ ಮಾಡಿದ್ರಿ?"

"ಪಕ್ಕದ ಮನೆಯವಳು ಕುಂಬಳಕಾಯಿ ಗಂಜಿ ತಂದುಕೊಟ್ಳು. ಒಂದೇ ಬಟ್ಟಲು. ನಿಮ್ಮಪ್ಪ ನೀ ತಿನ್ನು ಅಂದ್ರು, ನಾನು ನೀವು ತಿನ್ನಿ ಅಂದೆ. ಆಮೇಲೆ ನೀನೇ ತಿಂದೆ." ಇನ್ನೊಂದು ಗಡ್ಡೆ ಎತ್ತಿಕೊಂಡು ಅಂದಳು: "ನಿನ್ನ ಹುಡುಗಿ ಅವನಿಗೆ ಅಷ್ಟು ಬೇಗ ಅನ್ನ ಇಡಬಾರ್ದಿತ್ತು."

ಅಮ್ಮ ಧಾರಾವಾಹಿ ಓದುತ್ತಾಳೆಂಬುದೇ ಹೇಇನ್‌ಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಅರವತ್ತೆರಡನೆಯ ಕಂತಿಗೆ ಕೂತಳು. ಮುಳ್ಳು ಬಿಡಿಸಿದ ಮೀನನ್ನು ರಾಜಕುಮಾರ ಮುಟ್ಟುವುದಿಲ್ಲ. ಗಡೀಪಾರಿನಲ್ಲಿ ಅದೊಂದನ್ನೇ ತಿಂದು ಬಂದವನು. ಅಷ್ಟು ವರ್ಷ ಕಾದವಳಿಗೆ ಅವನ ಬಗ್ಗೆ ಅಷ್ಟೂ ಗೊತ್ತಿಲ್ಲ. ಇಬ್ಬರೂ ಇದ್ದೊಂದು ಅನ್ನದ ಬಟ್ಟಲನ್ನು ಆಚೆ ಈಚೆ ಸರಿಸುತ್ತಾ ಕೂರುತ್ತಾರೆ. ಇದು ಅಮ್ಮನದೋ, ತನ್ನದೋ, ಓದುಗರಿಗೆ ಹೆದರಿ ಬರೆದದ್ದೋ ಅವಳಿಗೆ ಹೇಳಲಾಗಲಿಲ್ಲ. ತಿದ್ದಲು ಹೋದರೆ ಎಲ್ಲಿ ತಿದ್ದುವುದೆಂದೂ ತಿಳಿಯಲಿಲ್ಲ. ಹಾಗೇ ಕಳಿಸಿದಳು.

ಸಂಜೆ ಗ್ಯುರಿ ಫೋನ್ ಮಾಡಿದಳು. "ಮೇಡಂ, ಜನಕ್ಕೆ ಆ ಮೀನು ಇಷ್ಟ ಆಗಿತ್ತು. ನೀವು ಅವನ ಕೈಲಿ ಅದನ್ನೇ ಬೇಡ ಅನ್ನಿಸಿದ್ರಿ."

"ಬದಲಾಯಿಸ್ಲಾ?"

ಆ ಕಡೆ ಗ್ಯುರಿ ಬಟ್ಟಲಿನ ಜಾಗವನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದಳು.

"ಬೇಡ. ಯಾಕೆ ಅಂತ ಮಾತ್ರ ಕೇಳ್ಬೇಡಿ."

ಕಂತು ಹೊರಬಂತು. ಓದುಗರಲ್ಲಿ ಒಂದಷ್ಟು ಜನ ಬಿಟ್ಟು ಹೋದರು. ಉಳಿದವರು ತಪ್ಪು ಯಾರದೆಂದು ಎರಡು ದಿನ ತಮ್ಮತಮ್ಮಲ್ಲೇ ಕಿತ್ತಾಡಿದರು. ಹೇಇನ್ ಎಲ್ಲವನ್ನೂ ಓದಿದಳು. ಸೊರಿನ್‌ದು ಎಂದವರ ಮಾತೂ ಸರಿಯೆನಿಸಿತು, ರಾಜಕುಮಾರನದು ಎಂದವರದೂ. ಅರವತ್ತಮೂರನೆಯ ಕಂತನ್ನು ಮುಂದೇನೆಂದು ತಿಳಿಯದೆಯೇ ಶುರುಮಾಡಿದಳು.