ಟಾಲ್ಬಟ್ ದಾಟಿದ ಮೇಲೆ

"ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ನೋಡೋಣ ಅಂತ ಮಾತ್ರ ಅನ್ಬೇಡ," ಎಂದಳು ಆರ್ಲೀನ್, ನಲ್ಲಿಯಿಂದ ನೀರಿನ ಪೈಪು ಬಿಚ್ಚುತ್ತ.

ವಾರೆನ್ ತಮ್ಮ ಮನೆಗಾಡಿಯ ಕರೆಂಟಿನ ದಪ್ಪ ವೈರು ಸುತ್ತುತ್ತಿದ್ದ. ಸುತ್ತಿದಷ್ಟೂ ಅದು ಸೊಟ್ಟಗೆ ಬಿಚ್ಚಿಕೊಳ್ಳುತ್ತಿತ್ತು. ಈ ಕೆಲಸದಲ್ಲಿ ಅವನಿಗೆ ಹದಿನಾಲ್ಕು ತಿಂಗಳ ಅನುಭವ.

"ಯಾವಾಗ ಹೇಳ್ಬೇಕು?"

"ಸಂಜೆಯೊಳಗೆ."

"ಅಷ್ಟು ಅವಸರವಾ?"

ಅವಳು ಪೈಪಿನಲ್ಲಿ ಉಳಿದಿದ್ದ ನೀರನ್ನು ಹುಲ್ಲಿನ ಮೇಲೆ ಚೆಲ್ಲಿದಳು. ಟಾಲ್ಬಟ್ ಎಂಬ ಊರಿನ ಗ್ರಂಥಾಲಯದಲ್ಲಿ ವಾರಕ್ಕೆ ಮೂರು ದಿನದ ಕೆಲಸ ಖಾಲಿಯಿದೆ, ಅದರ ಹಿಂದೆಯೇ ಒಂದು ಪುಟ್ಟ ಮನೆ ಬಾಡಿಗೆಗಿದೆ, ಹೋದ ವಾರ ಅವನು ಟೈರು ಹಾಕಿಸಲು ಕೂತಿದ್ದಾಗ ತಾನು ಹೋಗಿ ಮಾತಾಡಿ ಬಂದಿದ್ದೇನೆ ಎಂದಳು. ಹಾಲು ಮುಗಿದಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು.

"ನಾನಂತೂ ಅಲ್ಲೇ ಇರ್ತೀನಿ. ನೀನೂ ಇದ್ರೆ ನಂಗೆ ಸಂತೋಷ. ಆಗಲ್ಲ ಅಂದ್ರೆ ಗಾಡಿ ನಿಂದೇ, ತಗೊಂಡು ಹೋಗು."

"ನೋ..." ಎಂದು ಶುರುಮಾಡಿ ವಾರೆನ್ ನಾಲಿಗೆ ಕಚ್ಚಿಕೊಂಡ.

ಪಕ್ಕದ ಜಾಗದಲ್ಲಿ ಬಿಡಾರ ಹೂಡಿದ್ದ ಡ್ವೇನ್ ಕಾಫಿ ಲೋಟ ಹಿಡಿದು ಹೊರಗೆ ಬಂದ. "ಏನ್ ಪ್ರೊಫೆಸರ್ರೇ, ಮತ್ತೆ ಮನೆ ಹೊತ್ಕೊಂಡು ಹೊರಟ್ರಾ? ನಿಮಗಿಂತ ಬಸವನಹುಳಾನೇ ವಾಸಿ. ಅದಕ್ಕೆ ಪೆಟ್ರೋಲ್ ಖರ್ಚಿಲ್ಲ."

ಡ್ವೇನ್ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಉಳಿದವರು ದೊಡ್ಡ ಗಾಡಿಯನ್ನು ಕ್ಯಾಂಪಿನಲ್ಲೇ ಬಿಟ್ಟು, ಅದರ ಹಿಂದೆ ಕಟ್ಟಿ ತಂದ ಪುಟ್ಟ ಕಾರಿನಲ್ಲಿ ಊರು ನೋಡಲು ಹೋಗುತ್ತಾರೆ. ವಾರೆನ್ ದಂಪತಿಗೆ ಕಾರಿಲ್ಲ. ಗುಡ್ಡ ನೋಡಬೇಕೆಂದರೂ, ಒಂದು ತುಂಡು ಕೇಕು ತಿನ್ನಬೇಕೆಂದರೂ ಒಲೆ, ಹಾಸಿಗೆ, ಕಕ್ಕಸು ಸಮೇತ ಇಪ್ಪತ್ತಾರು ಅಡಿಯ ಮನೆಯೇ ಹೊರಡಬೇಕು. ಜಾಗವನ್ನು ಬೇರೆಯವರು ಹಿಡಿಯದಿರಲೆಂದು ಎರಡು ಮಡಿಸುವ ಕುರ್ಚಿ ಬಿಟ್ಟುಹೋಗುತ್ತಾರೆ. ಖಾಲಿ ಕುರ್ಚಿಗೆ ಈ ಜನ ಕೊಡುವ ಮರ್ಯಾದೆಯನ್ನು ನೋಡಿ ವಾರೆನ್‌ಗೆ ಎಷ್ಟೋ ಸಲ ಹೊಟ್ಟೆಕಿಚ್ಚಾದದ್ದುಂಟು.

ನೆಬ್ರಾಸ್ಕದ ಒಂದು ಸಣ್ಣ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ತರ್ಕಶಾಸ್ತ್ರ ಹೇಳಿಕೊಟ್ಟವನು ಅವನು. ನಿವೃತ್ತನಾದ ವಾರದಲ್ಲೇ ಮನೆ ಮಾರಿ ಈ ಗಾಡಿ ಕೊಂಡ. ಒಂದು ವರ್ಷ ಸುತ್ತೋಣ, ಆಮೇಲೆ ಎಲ್ಲಾದರೂ ನಿಲ್ಲೋಣ ಎಂದವನು ಅವನೇ.

ಮೂಡಲ ಗುಡ್ಡಗಳ ಆಚೆ ಎಲ್ಲೋ ಕಾಡಿಗೆ ಬೆಂಕಿ ಬಿದ್ದಿತ್ತು. ಹೊಗೆ ಇಲ್ಲಿಯವರೆಗೆ ಬಂದು ತೆಳ್ಳಗೆ ಹರಡಿ ವಯೋಮಿಂಗನ್ನೆಲ್ಲ ಹಳದಿ ಮಾಡಿತ್ತು. ಬೆಟ್ಟಗಳಿಗೆ ಬುಡವಿರಲಿಲ್ಲ. ಅವು ಹುಲ್ಲಿನಿಂದ ಎರಡಾಳು ಮೇಲೆ ಸುಮ್ಮನೆ ನಿಂತಿದ್ದವು. ಬೇಲಿಯ ಪಕ್ಕ ಓಡುತ್ತಿದ್ದ ಜಿಂಕೆಗಳಿಗೂ ಕಾಲು ಕಾಣುತ್ತಿರಲಿಲ್ಲ.

ಗಾಡಿ ಓಡುವಾಗ ವಾರೆನ್‌ಗೆ ಸುಖ. ಗಂಟೆಗೆ ಐವತ್ತೈದು ಮೈಲಿಯ ವೇಗದಲ್ಲಿ ಅವನು ಯಾರೂ ಅಲ್ಲ. ಯಾವುದಾದರೂ ಊರು ಬರುತ್ತದೆ, ನೀರಿನ ಟ್ಯಾಂಕು ತೋರಿಸುತ್ತದೆ, ಎರಡು ಅಂಗಡಿ ತೋರಿಸುತ್ತದೆ, ಏನೂ ಕೇಳದೆ ಹಿಂದಕ್ಕೆ ಹೋಗಿಬಿಡುತ್ತದೆ. ಪ್ರತಿ ಊರಿನಲ್ಲೂ ಆರ್ಲೀನ್, "ಇಲ್ಲಿ ಇರಬಹುದು ಅನ್ಸುತ್ತಾ?" ಎನ್ನುತ್ತಿದ್ದಳು. ಅವನು, "ನೋಡೋಣ," ಎನ್ನುತ್ತಿದ್ದ. ಅದನ್ನು ಅವನು ಗಂಡ ಹೆಂಡಿರ ಆಟವೆಂದುಕೊಂಡಿದ್ದ. ಅವಳು ಹದಿನಾಲ್ಕು ತಿಂಗಳೂ ನಿಜವಾಗಿ ಕೇಳುತ್ತಿದ್ದಳೆಂದು ಇವತ್ತು ಬೆಳಿಗ್ಗೆ ಗೊತ್ತಾಯಿತು.

ಹಾಸ್ಕಿನ್ಸ್ ಎಂಬಲ್ಲಿ ವಸ್ತುಸಂಗ್ರಹಾಲಯಕ್ಕೆ ಬೀಗ ಹಾಕಿತ್ತು. ಎದುರು ಮನೆಯ ಮುದುಕಿ ಅವರನ್ನು ಕಂಡು ಕೀಲಿಕೈ ಹಿಡಿದು ಬಂದಳು.

"ಇರಿ, ಲೈಟ್ ಹಾಕ್ತೀನಿ. ಜನ ಬಂದಾಗ ಮಾತ್ರ ಲೈಟು."

ಒಳಗೆ ಮುಳ್ಳುತಂತಿ. ಗೋಡೆಯ ತುಂಬ ಗೇಣುದ್ದದ ತುಂಡುಗಳು, ಒಂದೊಂದರ ಕೆಳಗೂ ಒಂದು ಚೀಟಿ, ಮಾಡಿದ ವರ್ಷ, ಮಾಡಿದವನ ಹೆಸರು. ಇನ್ನೂರಕ್ಕೂ ಮಿಕ್ಕಿ ಇವೆ ಎಂದಳು ಮುದುಕಿ. ಬಯಲನ್ನು ನನ್ನದು ಎನ್ನುವುದಕ್ಕೆ ಇಷ್ಟೊಂದು ಬಗೆ ಬೇಕಾಯಿತೇ ಎಂದು ವಾರೆನ್ ಯೋಚಿಸಿದ. ತರಗತಿಯಲ್ಲಿ ಹೇಳಬಹುದಾದ ಮಾತು. ತರಗತಿ ಇರಲಿಲ್ಲ.

ಬಾಗಿಲ ಬಳಿ, ಬಂದವರು ಹೆಸರು ಬರೆಯುವ ಪುಸ್ತಕವಿತ್ತು. ವಾರೆನ್ ತನ್ನ ಹೆಸರು ಬರೆದ. ಊರು ಎಂಬಲ್ಲಿ ಪೆನ್ನು ನಿಂತಿತು. ಮನೆಯಿಲ್ಲದೆ ತಿರುಗುವ ಎಲ್ಲರ ಹಾಗೆ ಅವರೂ ದಕ್ಷಿಣ ಡಕೋಟದ ಒಂದು ಊರಿನಲ್ಲಿ ಒಂದು ರಾತ್ರಿ ಮಲಗಿ, ಅದರ ರಸೀದಿ ತೋರಿಸಿ, ಅಲ್ಲಿಯ ನಿವಾಸಿಗಳೆಂದು ಲೈಸೆನ್ಸು ಪಡೆದಿದ್ದರು. ಅಲ್ಲೊಂದು ಟಪಾಲು ಪೆಟ್ಟಿಗೆಯಿದೆ. ಆ ಊರಿನ ಒಂದು ಬೀದಿಯೂ ಅವನಿಗೆ ನೆನಪಿಲ್ಲ. ಅದನ್ನೇ ಬರೆದ.

ಆರ್ಲೀನ್ ಪೆನ್ನು ತೆಗೆದುಕೊಂಡಳು. ಅವನ ಹೆಸರಿನ ಕೆಳಗೆ ತನ್ನ ಹೆಸರು ಬರೆದಳು. ಊರು: ಟಾಲ್ಬಟ್.

"ಟಾಲ್ಬಟ್ಟಾ?" ಮುದುಕಿಯ ಮುಖ ಅರಳಿತು. "ನಮ್ ತಂಗಿನೂ ಅಲ್ಲೇ ಇರೋದು. ಚಳಿಗಾಲದ ಗಾಳಿ ತಲೆ ಕೆಡಿಸುತ್ತೆ ಅಂತ ಮೂವತ್ತು ವರ್ಷದಿಂದ ಬೈಕೋತಾನೇ ಇದಾಳೆ. ಬಿಟ್ಟು ಬಾ ಅಂದ್ರೆ ಬರಲ್ಲ."

"ನಂಗೂ ಗಾಳಿ ಬೈಬೇಕು ಅಂತ ಆಸೆ," ಎಂದು ಆರ್ಲೀನ್ ನಕ್ಕಳು.

ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ಅವರು ಹೊರಗೆ ಬರುತ್ತಿದ್ದಂತೆ ಒಳಗೆ ಲೈಟು ಆರಿತು.

ಟಾಲ್ಬಟ್‌ನ ಊಟದ ಅಂಗಡಿಯಲ್ಲಿ ಟ್ರಿಶ್ ಎಂಬ ದಪ್ಪ ಹೆಂಗಸು ಆರ್ಲೀನ್‌ಗೆ ಕೇಳದೆಯೇ ಕಾಫಿ ಸುರಿದಳು. "ನಿಂಗೇನು ಕೊಡ್ಲಿ ಚಿನ್ನಾ?" ಎಂದು ವಾರೆನ್‌ನನ್ನು ಕೇಳಿದಳು. ಅವನು ಪಟ್ಟಿಯನ್ನು ಕೊನೆಯವರೆಗೆ ಓದಿ, ಮತ್ತೆ ಮೊದಲಿನಿಂದ ಶುರುಮಾಡಿದ.

"ಇವ್ರೇನಾ ನಿಮ್ಮ ಯಜಮಾನ್ರು? ಮಾತು ಕಮ್ಮಿ ಅಂದಿದ್ರಿ. ಇಷ್ಟು ಕಮ್ಮಿ ಅಂತ ಹೇಳಿರ್ಲಿಲ್ಲ."

"ಯೋಚನೆ ಮಾಡಿ ಮಾತಾಡೋರು," ಎಂದಳು ಆರ್ಲೀನ್.

"ಅಯ್ಯೋ, ಅಷ್ಟರೊಳಗೆ ಆಲೂಗಡ್ಡೆ ತಣ್ಣಗಾಗುತ್ತೆ!"

ಅಂಗಡಿಯೆಲ್ಲ ನಕ್ಕಿತು. ವಾರೆನ್ ಕೂಡ ಹಲ್ಲು ಕಿರಿದ. ಒಂದು ವಾರದಲ್ಲಿ ಇವಳು ಈ ಜನಕ್ಕೆ ತನ್ನ ಬಗ್ಗೆ ಹೇಳಿದ್ದಾಳೆ, ತಾನು ಇವರ ಬಾಯಲ್ಲಿ ಆಗಲೇ ಒಬ್ಬ ಮನುಷ್ಯನಾಗಿದ್ದೇನೆ ಎನಿಸಿ ಅವನು ಕುರ್ಚಿಯನ್ನು ಬಾಗಿಲ ಕಡೆಗೆ ಸರಿಸಿಕೊಂಡ.

ಮನೆಯ ಕೀಲಿಕೈ ಆರ್ಲೀನ್ ಹತ್ತಿರವೇ ಇತ್ತು. ಎರಡು ಕೋಣೆ, ಒಂದು ಅಡಿಗೆಮನೆ. ಕಿಟಕಿಯಾಚೆ ಹೊಗೆಯಲ್ಲಿ ಒಂದು ಬೋಳು ಗುಡ್ಡ. ವಾರೆನ್ ಸ್ವಲ್ಪ ಹೊತ್ತು ಕಾದ. ಗುಡ್ಡ ಹಿಂದಕ್ಕೆ ಹೋಗಲಿಲ್ಲ. ನಾಳೆಯೂ ಅದು ಅಲ್ಲೇ ಇರುತ್ತದೆ, ಬರುವ ಫೆಬ್ರವರಿಯಲ್ಲೂ.

"ಹೇಗಿದೆ?" ಎಂದಳು.

"ಬೆಳಕು ಚೆನ್ನಾಗಿದೆ."

"ಬೆಳಕಲ್ಲ, ಮನೆ."

"ಮನೆಯೂ ಇದೆ."

ಅವಳು ಪಕ್ಕದ ಕೋಣೆಗೆ ಹೋದಳು. ಗಾಡಿಯಲ್ಲಾದರೆ ಅವಳು ಮಗ್ಗುಲು ಬದಲಿಸಿದರೂ ಇಡೀ ಮನೆ ತುಸು ಅಲುಗುತ್ತದೆ. ಅವಳಿದ್ದಾಳೆ ಎಂದು ಅವನ ಅಂಗಾಲಿಗೆ ತಿಳಿಯುತ್ತದೆ. ಇಲ್ಲಿ ನೆಲ ಕಲ್ಲಿನಂತೆ ಸುಮ್ಮನಿತ್ತು. ಒಂದು ಗೋಡೆ ಅಡ್ಡ ಬಂದದ್ದೇ ತಡ, ಅವಳು ಇಲ್ಲವೇ ಇಲ್ಲ. ವಾರೆನ್‌ಗೆ ನಿಜವಾಗಿ ಹೆದರಿಕೆಯಾಯಿತು.

"ಹೊರಡೋಣವಾ?" ಎಂದು ಕೂಗಿದ.

ಅವಳು ಬಂದು ಅವನ ಮುಖ ನೋಡಿದಳು. ಕೀಲಿಕೈಯನ್ನು ಕೈಚೀಲದೊಳಗೆ ಹಾಕಿಕೊಂಡಳು.

"ತಲೆ ನೋಯ್ತಿದೆ," ಎಂದಳು. "ಹಿಂದೆ ಮಲಗಿರ್ತೀನಿ. ನೀನು ಹೊಡಿ."

ಅವಳು ಗಾಡಿಯ ಹಿಂಭಾಗದ ಮಲಗುವ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಊರ ಕೊನೆಯಲ್ಲಿ ಪೆಟ್ರೋಲ್ ಅಂಗಡಿ. ವಾರೆನ್ ಟ್ಯಾಂಕು ತುಂಬಿಸಿದ, ಕಕ್ಕಸಿಗೆ ಹೋದ, ಕಾಫಿ ಹಿಡಿದು ಬಂದ. ಹಿಂದಿನ ಬಾಗಿಲು ಮುಚ್ಚಿಯೇ ಇತ್ತು. ಅವಳು ಮಲಗಿರುವಷ್ಟು ಹೊತ್ತು ಅವಳ ಪ್ರಶ್ನೆಯೂ ಮಲಗಿರುತ್ತದೆಂದು ಸಮಾಧಾನಪಟ್ಟುಕೊಂಡು, ಸದ್ದಾಗದಂತೆ ಗಾಡಿ ಹೊರಡಿಸಿದ.

ಕ್ಯಾಂಪಿಗೆ ಮರಳುವ ರಸ್ತೆ ನೇರ. ಸೂರ್ಯ ಹೊಗೆಯೊಳಗೆ ಕೆಂಪು ಬಿಲ್ಲೆಯಾಗಿ ಇಳಿಯುತ್ತಿದ್ದ, ಕಣ್ಣಿಟ್ಟು ನೋಡಬಹುದಿತ್ತು. ಎದುರಿನಿಂದ ಅರ್ಧ ಗಂಟೆಗೊಂದು ಗಾಡಿ. ಇಂಥ ಬೆಳಕಿನಲ್ಲಿ ಆಡಿದ ಮಾತಿಗೆ ಹೊಣೆಯಿರುವುದಿಲ್ಲ ಎನಿಸಿತು.

"ಆರ್ಲೀನ್," ಎಂದ ವಾರೆನ್, ಕನ್ನಡಿಯಲ್ಲಿ ಕಾಣುತ್ತಿದ್ದ ಬಾಗಿಲಿಗೆ. "ಎಚ್ಚರ ಇದೀಯಾ?"

ಉತ್ತರವಿಲ್ಲ. ಅದೇ ಒಳ್ಳೆಯದಾಯಿತು.

"ನಂಗೆ ಆ ಮನೆ ಕಂಡು ಹೆದರಿಕೆಯಾಗ್ಲಿಲ್ಲ ಕಣೇ. ನನ್ನ ಕಂಡೇ ಆಯ್ತು. ಕಾಲೇಜಲ್ಲಿ ಕೊನೇ ಹತ್ತು ವರ್ಷ ಅವೇ ಹಳೇ ಟಿಪ್ಪಣಿ ಓದ್ತಾ ಇದ್ದೆ. ಒಬ್ಬ ಹುಡುಗನೂ ಕಂಡುಹಿಡೀಲಿಲ್ಲ. ನಿಂತ್ರೆ ನೀನು ಕಂಡುಹಿಡೀತೀಯ ಅಂತ ಓಡ್ತಾ ಇದೀನಿ. ಒಂದು ಕಡೆ ಕೂತ್ಕೊಂಡ್ರೆ, ಎದುರಿಗೆ ನೋಡೋಕೆ ಬೆಟ್ಟ ಹೊಳೆ ಇಲ್ದೆ ಇದ್ರೆ, ನೀನು ನನ್ನನ್ನೇ ನೋಡ್ಬೇಕಲ್ಲ. ಆಗ ಒಳಗೇನೂ ಇಲ್ಲ ಅಂತ ಗೊತ್ತಾಗಿಬಿಡುತ್ತೆ."

ಕಾಫಿ ಕುಡಿದ.

"ಆದ್ರೂ ಹೂಂ. ಕೇಳಿಸ್ತಾ? ಹೂಂ ಅಂತಿದೀನಿ. ಟಾಲ್ಬಟ್ಟಲ್ಲೇ ಇರೋಣ. ಟ್ರಿಶ್ ನನ್ನ ಗೇಲಿ ಮಾಡ್ಲಿ. ನೀನು ಗಾಳಿ ಬೈಕೋ, ನಾನು ಹೂಂಗುಟ್ಟುತ್ತೀನಿ."

ಮೂವತ್ತೊಂದು ವರ್ಷದಲ್ಲಿ ಇಷ್ಟು ನಿಜವನ್ನು ಅವನು ಒಟ್ಟಿಗೆ ಹೇಳಿರಲಿಲ್ಲ. ಎದೆ ಹಗುರವಾಯಿತು. ಹತ್ತು ಮೈಲಿ, ಹದಿನೈದು ಮೈಲಿ, ಅವನು ಸುಖವಾಗಿ ಗಾಡಿ ಓಡಿಸಿದ. ಮೊಟ್ಟಮೊದಲ ಬಾರಿಗೆ ಹಿಂದಕ್ಕೆ ಹೋಗುವ ಬೇಲಿಗಳನ್ನು ನೋಡಿ ಪಾಪ ಎನಿಸಿತು. ಅವಳು ಅಳುತ್ತಿರಬೇಕು, ಅದಕ್ಕೇ ಮಾತಿಲ್ಲ. ಅಳಲಿ. ಆಮೇಲೆ ಎದ್ದು ಬಂದು ಪಕ್ಕದಲ್ಲಿ ಕೂರುತ್ತಾಳೆ.

ಕೂರಲಿಲ್ಲ. ವಾರೆನ್ ಗಾಡಿ ನಿಲ್ಲಿಸಿ, ಹಿಂದೆ ಹೋಗಿ, ಬಾಗಿಲು ತಟ್ಟಿ ಎಳೆದ.

ಹಾಸಿಗೆಯ ಮೇಲೆ ಅವಳು ಮಲಗಿದ್ದ ತಗ್ಗು ಇತ್ತು. ಅವಳಿರಲಿಲ್ಲ. ಕಕ್ಕಸಿನಲ್ಲೂ ಇರಲಿಲ್ಲ. ಕನ್ನಡಕ ದಿಂಬಿನ ಮೇಲಿತ್ತು. ಕೈಚೀಲ ಕಾಣಲಿಲ್ಲ, ಶೂ ಕಾಣಲಿಲ್ಲ.

ಅವನು ಪೆಟ್ರೋಲ್ ಅಂಗಡಿಯ ಕಕ್ಕಸಿನಲ್ಲಿದ್ದಾಗ ಇಳಿದಿದ್ದಾಳೆ.

ಮೂವತ್ತೆಂಟು ಮೈಲಿ ಹಿಂದೆ. ತಲೆನೋವಿನ ಮಾತ್ರೆ ತರಲು ಇಳಿದಿದ್ದರೆ, ಹಿಂದಿರುಗಿ ಬಂದು ಗಾಡಿಯಿಲ್ಲದ ಜಾಗವನ್ನು ನೋಡುತ್ತ ನಿಂತಿದ್ದಾಳೆ. ಅದಕ್ಕೆ ಕನ್ನಡಕ ಸಾಕ್ಷಿ. ಉತ್ತರ ಸಿಕ್ಕಿತೆಂದು ಇಳಿದಿದ್ದರೆ, ಆ ಅಡಿಗೆಮನೆಯ ಕಿಟಕಿಯ ಬಳಿ ಕೂತಿದ್ದಾಳೆ. ಅದಕ್ಕೆ ಕೈಚೀಲ ಸಾಕ್ಷಿ. ಎರಡು ಆಧಾರ, ನಿರ್ಣಯವಿಲ್ಲ. ಪರೀಕ್ಷೆಗೆ ಕೊಡಬಹುದಾದ ಪ್ರಶ್ನೆ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಫೋನು ತೆಗೆದ. ಸಿಗ್ನಲ್ಲಿಲ್ಲದ ಈ ಕಡೆ ಫೋನು ಗಂಟೆ ನೋಡುವುದಕ್ಕೆ ಮಾತ್ರ. ಐದೂಮುಕ್ಕಾಲು.

ಹೋಗಿ ಮತ್ತೆ ಹೇಳಬೇಕು, ಅವಳ ಮುಖ ನೋಡಿ. ಖಾಲಿ ಹಾಸಿಗೆಯ ಎದುರು ನಿಂತು ಒಮ್ಮೆ ಹೇಳಿ ನೋಡಿದ. "ಹೂಂ." ಕಫ ಕಟ್ಟಿದವನ ಕೆಮ್ಮಿನಂತೆ ಕೇಳಿಸಿತು. ಇನ್ನೊಮ್ಮೆ ಹೇಳಿದ. ಇನ್ನೂ ಸುಳ್ಳಾಗಿ ಕೇಳಿಸಿತು. ಮುಚ್ಚಿದ ಬಾಗಿಲಿಗೆ ಹೇಳುವಾಗ ಅದು ನಿಜವಾಗಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ತಿರುಗಿಸಬೇಕು. ರಸ್ತೆ ಕಿರಿದು, ಎರಡೂ ಬದಿಗೆ ಚರಂಡಿ, ಆಚೆ ಬೇಲಿ. ಇಪ್ಪತ್ತಾರು ಅಡಿಯ ಮನೆ ಇಲ್ಲಿ ತಿರುಗುವುದಿಲ್ಲ. ಅಗಲವಾದ ಜಾಗ ಸಿಗುವವರೆಗೆ ಮುಂದೆಯೇ ಹೋಗಬೇಕು. ನಾಲ್ಕು ಮೈಲಿ ಹೋದ. ಆರು ಮೈಲಿಯಾಯಿತು. ಪ್ರತಿ ಮೈಲಿಯೂ ಅವಳಿಂದ ದೂರ. ಒಂಬತ್ತನೆಯ ಮೈಲಿಯಲ್ಲಿ ದನದ ಹುಲ್ಲುಗಾವಲಿನ ಗೇಟೊಂದು ಕಂಡಾಗ ತಡೆಯಲಾಗಲಿಲ್ಲ. ಮೂತಿಯನ್ನು ಗೇಟಿಗೆ ತೂರಿಸಿ, ರಸ್ತೆಗಡ್ಡವಾಗಿ ಹಿಂದಕ್ಕೆ ಬಿಟ್ಟ. ಗಾಡಿಯ ಉದ್ದನೆಯ ಬಾಲ ಎದುರು ಬದಿಯ ಚರಂಡಿಯ ದಂಡೆಗೆ ಕೂತಿತು. ಏನೋ ಕರಕರ ಎಂದಿತು. ಆಕ್ಸಿಲರೇಟರ್ ಒತ್ತಿದ. ಗಾಡಿ ನಡುಗಿತು, ಕದಲಲಿಲ್ಲ.

ಆ ಕಡೆಯಿಂದ ಒಂದು ಟ್ರಕ್ಕು ಬಂದು ನಿಂತಿತು. ಈ ಕಡೆಯಿಂದ ಎರಡು ಕಾರು. ಯಾರೂ ಹಾರನ್ ಮಾಡಲಿಲ್ಲ. ಟ್ರಕ್ಕಿನಿಂದ ದೊಡ್ಡ ಹ್ಯಾಟಿನ ದನಗಾರನೊಬ್ಬ ಇಳಿದು, ಬಗ್ಗಿ ನೋಡಿ, ಕಿಟಕಿಯ ಬಳಿ ಬಂದ.

"ಬಾಲ ಕೂತ್ಬಿಟ್ಟಿದೆ ಸಾರ್. ಹಿಂದಿನ ಚಕ್ರ ಗಾಳೀಲಿ ತಿರುಗ್ತಾ ಇದೆ. ಕಾಲು ತೆಗೀರಿ."

ವಾರೆನ್ ಎದುರಿಗೇ ನೋಡುತ್ತಿದ್ದ. ಕಾಲು ತೆಗೆಯಲಿಲ್ಲ. ಎಂಜಿನ್ನಿನ ನಡುಕ ಸೀಟಿನಿಂದ ಬೆನ್ನಿಗೆ ಹತ್ತುತ್ತಿತ್ತು. ಗಾಡಿ ಹೋಗುತ್ತಿರುವಾಗಲೂ ನಡುಕ ಅಷ್ಟೇ ಇರುತ್ತದೆ.

"ಒಳಗೆ ಇನ್ಯಾರಾದ್ರೂ ಇದ್ರೆ ಇಳೀಲಿ ಸಾರ್. ಭಾರ ಕಮ್ಮಿಯಾಗುತ್ತೆ."

"ಹೆಂಡ್ತಿ ಇದಾಳೆ," ಎಂದ ವಾರೆನ್. "ಮಲಗಿದಾಳೆ. ತಲೆನೋವು."

"ಓಹ್," ಎಂದು ದನಗಾರ ಹ್ಯಾಟು ತೆಗೆದ. ದನಿ ತಗ್ಗಿಸಿದ. "ಏಳಿಸೋದು ಬೇಡ ಹಾಗಾದ್ರೆ. ಏನಾದ್ರೂ ಮಾಡೋಣ."

ಅವನು ಕಾರಿನವರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಒಬ್ಬಳು ತನ್ನ ರೇಡಿಯೋ ಆರಿಸಿದಳು. ಇನ್ನೊಬ್ಬ ಕಾರಿನ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ಸದ್ದಾಗದಂತೆ ಒತ್ತಿದ. ಎಲ್ಲರೂ ಹಳದಿ ಬೆಳಕಿನಲ್ಲಿ ತುದಿಗಾಲಲ್ಲಿ ಬಂದು, ಹಿಂದಿನ ಕಿಟಕಿಯ ಮುಚ್ಚಿದ ಪರದೆಯ ಕೆಳಗೆ, ಪಿಸುಮಾತಿನಲ್ಲಿ, ಗಾಳಿಯಲ್ಲಿ ತಿರುಗುತ್ತಿದ್ದ ಚಕ್ರವನ್ನು ನೋಡುತ್ತ ನಿಂತರು.