ಲೊರೇನ್ ಓದದ ಪುಟಗಳು

ಪುಸ್ತಕವನ್ನು ಅರ್ಧ ಓದಿ ಮಾತಾಡುವವರನ್ನು ಕಂಡರೆ ಲೊರೇನ್ ಪಿಂಕಮ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಮೇನ್ ಕರಾವಳಿಯ ಆ ಸಣ್ಣ ಊರಿನಲ್ಲಿ ಚಳಿಗಾಲ ಬಂತೆಂದರೆ ದೋಣಿಗಳು ನೀರು ಬಿಟ್ಟು ಅಂಗಳ ಸೇರುತ್ತವೆ, ಗ್ರಂಥಾಲಯದಲ್ಲಿ ಓದುಗರ ಬಳಗ ಸೇರುತ್ತದೆ. ವರ್ಷದ ಆಯ್ದ ಪ್ರಬಂಧಗಳ ಸಂಪುಟ ಜನವರಿಗೆ, ಕಥೆಗಳದ್ದು ಫೆಬ್ರವರಿಗೆ, ವಿಜ್ಞಾನ ಬರಹಗಳದ್ದು ಮಾರ್ಚಿಗೆ. ಮೂರನ್ನೂ ಲೊರೇನ್ ಮುನ್ನುಡಿಯಿಂದ ಹಿಡಿದು ಲೇಖಕರ ಪರಿಚಯದವರೆಗೆ ಅರೆದು ಕುಡಿದು ಬರುತ್ತಿದ್ದಳು. ಬಂದು ಉಳಿದವರ ಬೆವರಿಳಿಸುತ್ತಿದ್ದಳು. ಒಮ್ಮೆ ಪಾದ್ರಿಯ ಹೆಂಡತಿಯನ್ನು, ಕಥೆಯ ಕೊನೆಯಲ್ಲಿ ಸತ್ತವರು ಯಾರು ಹೇಳಿ ನೋಡೋಣ ಎಂದು ಎಲ್ಲರೆದುರು ಕೇಳಿದ್ದಳು. ಪಾಪ, ಆಕೆ ತಡವರಿಸಿದಳು. ಆಮೇಲೆ ಬಳಗದ ಕಡೆ ತಲೆಹಾಕಲಿಲ್ಲ.

ಇಂಥ ಲೊರೇನ್ ಈ ವರ್ಷದ ವಿಜ್ಞಾನ ಸಂಪುಟದ ಪರಿವಿಡಿ ನೋಡಿ ಪುಸ್ತಕವನ್ನು ಫಟ್ಟನೆ ಮುಚ್ಚಿದಳು. ಆ ಹಾಳು ಲೇಖನ ಅಲ್ಲಿತ್ತು.

ಅವಳ ತವರಿನಲ್ಲಿ ಒಂದು ರೋಗವಿತ್ತು. ಮೊದಲು ಕೈ ನಡುಗುತ್ತದೆ, ಆಮೇಲೆ ನಡಿಗೆ ತಪ್ಪುತ್ತದೆ, ಕೊನೆಗೆ ಮಾತೂ ಹೋಗುತ್ತದೆ. ಅಪ್ಪ ಅದರಲ್ಲೇ ಹೋದ, ಅಣ್ಣ ವೆರ್ನನ್ ಕೂಡ ಅದರಲ್ಲೇ ಹೋದ. ಹೆತ್ತವರಿಗೆ ಇದ್ದರಷ್ಟೇ ಮಕ್ಕಳಿಗೆ ಬರುವ ರೋಗ ಅದು. ಬಂದರೂ ಬಂತು, ಬಿಟ್ಟರೂ ಬಿಟ್ಟಿತು. ರಕ್ತ ಪರೀಕ್ಷೆ ಮಾಡಿಸಿದರೆ ಮೊದಲೇ ತಿಳಿಯುತ್ತದೆ. ಲೊರೇನ್ ಮಾಡಿಸಿರಲಿಲ್ಲ. ಮನೆಯಲ್ಲಿ ಯಾರಾದರೂ ಅದರ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದಳು.

ಅಣ್ಣ ಬದುಕಿದ್ದಾಗ ಅವನನ್ನು ನೋಡಲು ನ್ಯೂಯಾರ್ಕಿನಿಂದ ಒಬ್ಬ ಲೇಖಕಿ ಬಂದಿದ್ದಳು. ಲೊರೇನ್ ಮಾಡಿದ ಮೀನಿನ ಸೂಪು ಕುಡಿದು, ಚೆನ್ನಾಗಿದೆ ಎಂದು ಇನ್ನೊಂದು ಬಟ್ಟಲು ಹಾಕಿಸಿಕೊಂಡು ಹೋಗಿದ್ದಳು. ಮರುವರ್ಷ ದೊಡ್ಡ ಪತ್ರಿಕೆಯಲ್ಲಿ ಲೇಖನ ಬಂತು. ಹೆಸರುಗಳೇನೋ ಬದಲಾಗಿದ್ದವು. ಆದರೆ ಮೊದಲ ಪುಟದಲ್ಲೇ ತನ್ನ ಅಡುಗೆಮನೆ, ಅಣ್ಣನ ಗಲ್ಲದ ಮೇಲೆ ಸೋರುವ ಸೂಪು ಕಂಡು ಲೊರೇನ್ ಪತ್ರಿಕೆಯನ್ನು ಒಲೆಗೆ ಹಾಕಿದಳು. ಊರಿನಲ್ಲಿ ಆ ಪತ್ರಿಕೆ ತರಿಸುವವರು ಬೇರೆ ಯಾರೂ ಇರಲಿಲ್ಲ. ಸದ್ಯ, ಬಚಾವಾದೆ ಅಂದುಕೊಂಡಿದ್ದಳು. ಈಗ ನೋಡಿದರೆ ಅದೇ ಪೀಡೆ ಸಂಪುಟದೊಳಗೆ ಕೂತು ಊರಿಗೇ ಬಂದಿತ್ತು. ಚರ್ಚೆಗೆ ಗ್ರಂಥಪಾಲಕಿ ಯೂನಿಸ್ ಬೀಲ್ ಅದನ್ನೇ ಆರಿಸಿದ್ದಳು.

ಲೊರೇನ್ ಫೋನ್ ಮಾಡಿ ಬೇರೆ ಲೇಖನ ಇಟ್ಟುಕೊಳ್ಳಲು ಹೇಳಿದಳು. ಯೂನಿಸ್ ಒಪ್ಪಲಿಲ್ಲ. ಜನವರಿಯಲ್ಲಿ, ಕುಡಿತಕ್ಕೆ ಬಿದ್ದ ಮಗನ ಬಗ್ಗೆ ತಾಯಿಯೊಬ್ಬಳು ಬರೆದ ಪ್ರಬಂಧವನ್ನು ಲೊರೇನ್ ‘ಅಳುಬುರುಕಿಯ ಗೋಳು’ ಎಂದು ಹೀಗಳೆದಿದ್ದಳು. ಯೂನಿಸಳ ಮಗನೂ ಕುಡಿದೇ ಸತ್ತಿದ್ದ. ಅದು ಲೊರೇನಳಿಗೆ ಗೊತ್ತಿತ್ತು.

“ಬೇರೆಯವ್ರ ಸಂಕಟ ಆದ್ರೆ ಚೀಪಿ ಚೀಪಿ ಓದ್ತೀಯ,” ಎಂದಳು ಯೂನಿಸ್. “ನಿನ್ ಮನೆದು ಬಂದ್ರೆ ಮಾತ್ರ ಬೇಡ್ವಾ?”

ಸಂಪುಟ ಮನೆಮನೆಗೆ ಹೋಗುತ್ತಿದ್ದಂತೆ ಊರಿನ ವರಸೆಯೇ ಬದಲಾಯಿತು. ಪಕ್ಕದ ಮನೆಯವನು ಕೇಳದೆಯೇ ಅವಳ ಅಂಗಳದ ಹಿಮ ಎತ್ತಿಹಾಕಿದ. ಮೀನಂಗಡಿಯವನು ಮಗಳು ಡಾರ್ಸಿ ಹೇಗಿದ್ದಾಳೆಂದು ಮೆತ್ತಗೆ ವಿಚಾರಿಸಿದ. ಇವರ ಕನಿಕರಕ್ಕಿಷ್ಟು ಬೆಂಕಿ ಹಾಕ ಎಂದು ಲೊರೇನ್ ಹಲ್ಲು ಕಡಿದಳು. ಡಾರ್ಸಿಯ ವಿಷಯವೇ ಅವಳಿಗೆ ಬೇಡವಾಗಿತ್ತು. ಪೋರ್ಟ್‌ಲ್ಯಾಂಡಿನಲ್ಲಿರುವ ಮಗಳು ಒಂದು ವರ್ಷದಿಂದ ಫೋನ್ ಮಾಡುವುದನ್ನೇ ಬಿಟ್ಟಿದ್ದಳು, ಕ್ರಿಸ್‌ಮಸ್ಸಿಗೂ ಬಂದಿರಲಿಲ್ಲ. ಪಟ್ಟಣ ಸೇರಿದ ಮೇಲೆ ಕೊಬ್ಬು ಹೆಚ್ಚಿದೆ ಎಂದು ಲೊರೇನ್ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದಳು. ತಾನಾಗಿ ಫೋನ್ ಮಾಡುವಷ್ಟು ಬಗ್ಗುವ ಹೆಂಗಸಲ್ಲ ಅವಳು.

ಬಳಗಕ್ಕೆ ಹೋಗದೆ ಮನೆಯಲ್ಲಿ ಕೂರಬಹುದಿತ್ತು. ಹೆದರಿದಳು ಅಂದುಕೊಳ್ಳುತ್ತಾರಲ್ಲ! ಹೋದಳು. ಲೇಖನವನ್ನು ಮಾತ್ರ ಮುಟ್ಟಿರಲಿಲ್ಲ. ಎಲ್ಲರೂ ಕಾಫಿ ಹಿಡಿದು ಕೂರುವ ಮೊದಲೇ ಬಾಯಿ ಹಾಕಿದಳು. ಉಂಡ ಮನೆಯನ್ನೇ ಮಾರಿಕೊಂಡವಳ ಬರಹವಿದು, ವಿಜ್ಞಾನ ಕಾಸಿನಷ್ಟಿಲ್ಲ, ಆರಿಸಿದ ಸಂಪಾದಕನಿಗೆ ಬುದ್ಧಿಯಿಲ್ಲ ಎಂದಳು. ಯಾರೂ ಎದುರಾಡಲಿಲ್ಲ, ಕಣ್ಣೂ ಎತ್ತಲಿಲ್ಲ. ಅದು ಅವಳನ್ನು ಇನ್ನಷ್ಟು ಕೆಣಕಿತು. ತಾನು ಓದಿಲ್ಲವೆಂದು ಇವರಿಗೆ ಅನುಮಾನ ಬಂತೋ ಏನೋ ಎಂದು ಒಂದು ಸುಳ್ಳನ್ನೂ ಸೇರಿಸಿದಳು.

“ಕೊನೆಯಂತೂ ತೀರಾ ಸಪ್ಪೆ. ಇದನ್ನ ಓದಿ ಯಾರಿಗಾದ್ರೂ ಕಣ್ಣೀರು ಬಂದಿದ್ರೆ ಅವ್ರ ತಲೆ ನೆಟ್ಟಗಿಲ್ಲ.”

ಯೂನಿಸ್ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು. “ಸಪ್ಪೆನಾ? ನಿನ್ ಹೊಟ್ಟೇಲಿ ಹುಟ್ಟಿದ್ ಮಗಳು ಕಣೇ ಅವಳು. ನೀನೇನು ಮನುಷ್ಯಳಾ?”

ಡಾರ್ಸಿಗೂ ಇದಕ್ಕೂ ಏನು ಸಂಬಂಧ? ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಿದರೆ ಓದಿಲ್ಲವೆಂದು ಒಪ್ಪಿಕೊಂಡ ಹಾಗೆ. ಯಾರ ಮಗಳಾದರೇನು, ಬರವಣಿಗೆ ಬರವಣಿಗೆಯೇ ಎಂದುಬಿಟ್ಟಳು ಲೊರೇನ್.

“ಹಾಗಾದ್ರೆ ಕಿವಿಯಾರೆ ಕೇಳು,” ಎಂದು ಯೂನಿಸ್ ಸಂಪುಟ ತೆರೆದು ಕೊನೆಯ ಪುಟವನ್ನು ಗಟ್ಟಿಯಾಗಿ ಓದತೊಡಗಿದಳು. ಒಂದೊಂದು ಮಾತನ್ನೂ ಲೊರೇನಳ ಮುಖಕ್ಕೆ ಎಸೆಯುವಂತೆ ಓದಿದಳು. ‘ರೋಗಿಯ ತಂಗಿಯ ಮಗಳು ಪರೀಕ್ಷೆಯ ಫಲಿತಾಂಶ ತರಲು ಹೋದಾಗ ನಾನು ಜೊತೆಗಿದ್ದೆ. ಆಕೆಗೆ ರೋಗದ ಜೀನ್ ಇತ್ತು. ಹೊರಗೆ ಬಂದು ನನಗೆ ಹೇಳಿದಳು: ನನಗಿದೆ ಎಂದರೆ ಅಮ್ಮನಿಗೂ ಇದೆ—’

ಯೂನಿಸ್ ತಲೆಯೆತ್ತಿ ನೋಡಿದವಳು ಅಲ್ಲಿಗೇ ನಿಲ್ಲಿಸಿದಳು. ಲೊರೇನಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ಲೊರೇನ್... ನೀನು ಓದೇ ಇಲ್ವಾ?”

“ಮುಗ್ಸು,” ಎಂದಳು ಲೊರೇನ್.

ಯೂನಿಸಳ ಸಿಟ್ಟು ಇಳಿದುಹೋಗಿತ್ತು. ಉಳಿದದ್ದನ್ನು ಮೆಲ್ಲಗೆ ಓದಿದಳು. ‘ಇದನ್ನು ಅಮ್ಮನ ಮುಖ ನೋಡಿ ಹೇಳಲು ನನ್ನಿಂದಾಗದು. ಹೇಳಹೊರಟರೆ ಎದ್ದುಹೋಗುತ್ತಾಳೆ. ನೀವು ಬರೆಯಿರಿ. ಅವಳು ಯಾವುದನ್ನೂ ಓದದೆ ಬಿಡುವುದಿಲ್ಲ. ಓದಿದ ದಿನ ಅವಳೇ ಫೋನ್ ಮಾಡುತ್ತಾಳೆ.’

ಯಾರೋ ನೀರು ತಂದುಕೊಟ್ಟರು. ಲೊರೇನ್ ಅದನ್ನು ತಳ್ಳಿ ಎದ್ದಳು. ಲೇಖಕಿಯ ಮೇಲೆ, ಯೂನಿಸಳ ಮೇಲೆ, ತನಗಿಂತ ಮೊದಲು ತಿಳಿದುಕೊಂಡ ಇಡೀ ಊರಿನ ಮೇಲೆ ಅವಳಿಗೆ ರೋಷವಿತ್ತು. ತನ್ನ ಮೇಲಿದ್ದ ರೋಷದ ಮುಂದೆ ಅದೇನೂ ಅಲ್ಲ. ಹೊರಗೆ ಕೋಟುಗಳನ್ನು ನೇತುಹಾಕುವ ಜಾಗದಲ್ಲಿ ನಿಂತು ಮಗಳಿಗೆ ಫೋನ್ ಮಾಡಿದಳು. ಡಾರ್ಸಿ ಎತ್ತಿದಳು.

“ಅಂತೂ ನೀನು ಓದಿದ್ದಾಯ್ತು,” ಎಂದಳು. “ಒಂದು ವರ್ಷ ಬೇಕಾಯ್ತಾ ಅಮ್ಮ, ಫೋನ್ ಮಾಡೋಕೆ?”

ಹೂಂ ಎಂದಿದ್ದರೆ ಸಾಕಿತ್ತು, ಓದಿಲ್ಲವೆಂಬುದು ಮುಚ್ಚಿಹೋಗುತ್ತಿತ್ತು.

“ಓದಿರ್ಲಿಲ್ಲ ಮಗಳೇ. ಈಗ ಯೂನಿಸ್ ಓದಿ ಹೇಳಿದ್ಲು.”

ಡಾರ್ಸಿ ಬೈಯತೊಡಗಿದಳು. ವರ್ಷವಿಡೀ ಫೋನಿಗಾಗಿ ಕಾದದ್ದು, ಅಮ್ಮ ಓದಿಯೂ ತನ್ನನ್ನು ಬಿಟ್ಟಳೆಂದು ನಂಬಿದ್ದು, ಎಲ್ಲ ಸೇರಿಸಿ ಬಾಯಿಗೆ ಬಂದಂತೆ ಬೈದಳು. ಲೊರೇನ್ ಒಂದು ಮಾತಿಗೂ ಅಡ್ಡ ಬರಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡು ಕೊನೆಯವರೆಗೂ ಕೇಳಿದಳು.